ಮದಲ ಬಂದದ್ದು ನೀರು

ಮಕ್ತುಮಸಾಬ ಅಳತಿ ಕಡ್ಡಿ ತಿರುವಿ ತಗದ,
ಬಿಸಲಿಗೆ ಹಿಡದ, ಮಾತಾಡಲಿಲ್ಲ.
ಕಪ್ಪಗಿರಬೇಕಾದ ಎಣ್ಣಿ
ಹಾಲು ಹೆಚ್ಚಾದ ಚಹಾದಂಗ,
ಮುಚ್ಚಳದ ಒಳಗ ಕೆನಿ.

ಇಂಡಿ ಪಂಪಿನ ಹಿಂದ,
ಬೇವಿನ ಗಿಡಕ್ಕ ಹಳೇ ಟೈರು ತೂಗಬಿಟ್ಟ ಗ್ಯಾರೇಜು.
ನಾನು ರೈಲ್ವೆ ವರ್ಕ್‌ಶಾಪಿನ ರಾತ್ರಿ ಪಾಳೇದ ಫಿಟ್ಟರ್,
ಸುತಗಿಲೆ ಬಡದು, ದನಿ ಕೇಳಿ
ಗಾಲಿಯೊಳಗಿನ ಬಿರುಕು ಹೇಳಾಂವ.
ಸ್ವಂತ ಗಾಡಿ ದನಿ ಒಡದು ಮೂರು ದಿನ ಆಗಿತ್ತು,
ವಯಸ್ಸಾತು ಅದಕ್ಕ, ಅಂತ ಬಿಟ್ಟಿದ್ದೆ.

"ನೀರs ಅಂತ ಹ್ಯಾಂಗ ಹೇಳ್ತಿ?" ಅಂದೆ.
ಅವ ತುಕ್ಕು ಹಿಡದ ಚಮಚಾ ಒಂದನ್ನ
ಸ್ಟೋವಿನ ಉರಿಗೆ ಹಿಡದು, ಒಂದು ಹನಿ ಬಿಟ್ಟ.
ಚಟ್.
ಚಟಚಟ, ಸಾಸಿವಿ ಸಿಡದಂಗ.
"ಒಳ್ಳೆ ಎಣ್ಣಿ ಸುಮ್ಮ ಹೊಗಿ ಆಡತೈತ್ರಿ.
ನೀರು ಕುಡದದ್ದು ಬೈತೈತಿ."

ಆಮ್ಯಾಲೆ ಕೇಳಾಕ ಹತ್ತಿದ, ನಾಡಿ ಹಿಡದಂಗ.
ದಿನಾ ಎಷ್ಟು ಓಡಸ್ತೀರಿ?
ನೇಕಾರ ನಗರದಿಂದ ಗದಗ ರೋಡಿನ ತನಕ, ತಿರಗಿ ಮನಿಗೆ.
"ಹಂಗಾರ ಕಾಯತೈತಿ. ಓಣಿಯಾಗಷ್ಟ ಅಡ್ಡಾಡೂ ಗಾಡಿಗೆ
ಒಳಗಿನ ಬೆವರು ಒಳಗs ಉಳದು
ಮುಚ್ಚಳಕ್ಕ ಉಂಗುರದಂಗ ಕೆನಿ ಕಟ್ಟತೈತಿ, ಅಷ್ಟ.
ಇದು ಪೂರಾ ಕೆಟ್ಟೈತಿ."
ಜೋರ ಪೈಪ್ ಹಿಡದು ತೊಳಸೀರೇನು?
ಇಲ್ಲ, ಅಮಾಸಿಗೊಮ್ಮೆ ಹಸಿ ಅರಿವಿಲೆ ಒರಸ್ತೀನಿ.
"ರೇಡಿಯೇಟರ್ ಸೋರೇತಿ ಅನ್ನಾಕ
ಇದಕ್ಕ ರೇಡಿಯೇಟರs ಇಲ್ಲ,
ಗಾಳಿ ಕುಡದು ಬದಕೂ ಗಾಡಿ."

ಬಾಜೂಕಿನ ಡಬ್ಬಿ ಬಿಚ್ಚಿದ.
ಏರ್ ಫಿಲ್ಟರಿನ ಕಾಗದ ತೊಯ್ದು ಒಣಗಿ
ಸುಕ್ಕಗಟ್ಟಿತ್ತು,
ಮಡಿಕಿ ಮಡಿಕಿಯೊಳಗ ನುಣ್ಣನ್ನ ಎರಿಮಣ್ಣು.

ತಳದ ಬೋಲ್ಟ್ ಸಡಲ ಮಾಡಿದ.
ನಿನ್ನೆ ನನಗ ರಜಾ, ಗಾಡಿ ಕದಲಿದ್ದಿಲ್ಲ.
ಎಣ್ಣಿಗಿಂತ ನೀರು ಭಾರ,
ಎಷ್ಟು ಕಲಸಿದರೂ ನಿಂತಲ್ಲೆ ಒಂದೀಟು ತಳಾ ಹಿಡೀತದ.
ಮದಲ ಬಂದದ್ದು ನೀರು,
ಸಣ್ಣ ವಾಟಗದಷ್ಟು.
ಅದರ ಹಿಂದ ಚಹಾ.

"ಗಾಡಿ ನಾಲಾದಾಗ ಇಳದೈತ್ರಿ."
"ಇಲ್ಲ" ಅಂದೆ, ಆಣಿ ಮಾಡೂವಷ್ಟು ಖಾತ್ರೀಲೆ.
"ನೀವಲ್ಲಂದ್ರ ಮತ್ತ್ಯಾರೋ.
ಬಂದ್ ಬಿದ್ದ ಮ್ಯಾಲೆ ಕಿಕ್ ಹೊಡದಾರ,
ಸಿಟ್ಟೀಲೆ ಹೊಡದಾರ, ಬಾಳ ಸಲ.
ಹೊಡದಷ್ಟೂ ಸಲ ಇದು ನೀರು ಜಗ್ಗೇತಿ."

ಮಂಗಳವಾರ ಮಧ್ಯಾಹ್ನ ದೊಡ್ಡ ಮಳಿ ಆದದ್ದು
ಪೇಪರಿನಾಗ ಓದಿ ತಿಳದಿದ್ದೆ.
ಮಧ್ಯಾಹ್ನ ಅಂದ್ರ ನನಗ ನಡುರಾತ್ರಿ,
ಕಿಡಕಿಗೆ ಚಾದರ ಕಟ್ಟಿ ಮಲಗಿರ್ತೀನಿ,
ಕೀಲಿ ಮೊಳಿಗೆ ತೂಗಿರ್ತದ.

ಒಂದು ತಿಂಗಳಿಂದ
ಗಾಡಿ ಕನ್ನಡಿ ಎರಡು ಬೆರಳು ತಳಗ ಬಾಗಿರ್ತಿತ್ತು.
ಓಣಿ ಹುಡುಗೂರು ಅಂತ ಬೈಕೋತ
ದಿನಾ ಸಂಜಿಕೆ ನೆಟ್ಟಗ ಮಾಡಿಕೊಂಡು ಹೋಗ್ತಿದ್ದೆ.
ನನಗಿಂತ ಎರಡು ಬೆರಳು ಅಲ್ಲ,
ಗೇಣುದ್ದ ಗಿಡ್ಡ ಕಸ್ತೂರಿ.
ಬುಧವಾರ ಅಕಿ ಬಲಗಾಲಿನ ಮೀನಖಂಡ
ನೇರಳಿ ಹಣ್ಣಾಗಿತ್ತು.
ಹೊಚ್ಚಲಾ ತಾಗಿತು, ಅಂದಿದ್ದಳು.
ಹೊಚ್ಚಲಾ ಹಿಂದಿಂದ ಹ್ಯಾಂಗ ತಾಗತದ ಅಂತ
ನಾನೂ ಕೇಳಿದ್ದಿಲ್ಲ.

"ಹಗೂರ ಎಣ್ಣಿ ಹಾಕಿ ತೊಳಿತೀನಿ,
ನಾಕು ದಿನ ಬಿಟ್ಟು ಮತ್ತ ಬದಲಾಸೂಣು" ಅಂದ ಮಕ್ತುಮಸಾಬ.
"ಯಾರಂತ ತಿಳೀತೇನ್ರಿ?"
ಬಿಲ್ಲ ಎಷ್ಟು, ಅಂತ ಕೇಳಿದೆ ನಾನು.

ಮನಿಯೊಳಗ ಅಕಿ ಕಡ್ಲಿಬ್ಯಾಳಿ ಆರಸ್ಕೋತ ಕುಂತಿದ್ದಳು.
ಕೀಲಿ ಕಿಸೆದಾಗ ಇಟ್ಟಕೊಂಡಿದ್ದೆ ಬೇಕಂತ್ಲೆ,
ಹೊರಗ ತಗದೆ, ಮೊಳಿಗೆ ಹಾಕಿದೆ.
ಆ ಸಪ್ಪಳಕ್ಕ ಮರದಾಗಿನ ಕೈ ನಿಂತಿತು.
ತಲಿ ಎತ್ತಲಾರದ ಕೇಳಿದಳು:
"ನೀರಾಗ ಬಂದ್ ಬಿದ್ದರ
ಕಿಕ್ ಹೊಡೀಬಾರದೇನು?"

"ಹೊಡೀಬಾರದು. ದೂಕ್ಕೊಂಡು ಬರಬೇಕು."

"ದೂಕ್ಕೊಂಡs ಬಂದೆ.
ಚನ್ನಪೇಟಿಯಿಂದ, ಮೊಣಕಾಲಮಟ ನೀರಾಗ.
ಒರಸಿ, ಅಲ್ಲೇ ಇದ್ದಲ್ಲೆ ನಿಂದರ್ಸಿದೆ,
ನೀವು ಏಳೂದರಾಗ."

ಆ ಸಂಜಿ ಪಾಳಿಗೆ ಹೊಂಟಾಗ
ಕನ್ನಡಿ ಮುಟ್ಟಲಿಲ್ಲ ನಾನು.
ಗದಗ ರೋಡಿನ ತನಕಾ
ಹಿಂದ ಬರೂ ಲಾರಿ ಒಂದೂ ಕಾಣಲಿಲ್ಲ,
ಬರೇ ನನ್ನ ಮೊಣಕೈ.